ಮಂದಿ ಎಲ್ಲಿ ಹೋಗ್ಯಾರ?

ಪುಣೆಯ ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಐದಕ್ಕೆ ಹಾಲಿನವನ ಬೈಕು, ಆರಕ್ಕೆ ಸ್ಕೂಲ್ ಬಸ್ಸಿನ ಹಾರ್ನು, ಅದರ ಬೆನ್ನಿಗೆ ಕಸದ ಗಾಡಿಯ ಹಾಡು. ಹದಿನೆಂಟು ವರ್ಷ ಇದರಲ್ಲೇ ಕಳೆದ ನನಗೆ ಡೆನ್ಮಾರ್ಕಿನ ಹಳ್ಳಿಗಾಡಿನ ಮೌನ ಹಬ್ಬದೂಟದಂತೆ ಇತ್ತು. ಅವ್ವನಿಗೆ ಹಾಗನ್ನಿಸಲಿಲ್ಲ. ಅರ್ಧ ಗಂಟೆ ಕಾರಿನ ಕಿಟಕಿಯಿಂದ ಹೊರಗೆ ನೋಡಿದವಳು, “ಮನಿ ಅದಾವ, ಹೊಲ ಅದಾವ, ಮಂದಿ ಎಲ್ಲಿ ಹೋಗ್ಯಾರ?” ಎಂದಳು.

ತಮ್ಮ ಆರ್ಹಸ್ ನಗರದಲ್ಲಿ ಕೆಲಸಕ್ಕಿದ್ದಾನೆ. ಜೂನ್ ಮೊದಲ ವಾರ ನಾನು, ಯಜಮಾನರು, ಮಗಳು, ಅವ್ವ ಹೋಗಿದ್ದೆವು. ಕೋಪನ್‌ಹೇಗನ್ ಬೇಡ, ಸಣ್ಣ ಊರುಗಳನ್ನೇ ನೋಡೋಣ ಎಂದು ತಮ್ಮನ ಹಟ. ನನಗೆ ಇನ್ನೊಂದು ಕೆಲಸವೂ ಇತ್ತು. ಗದಗದ ಹತ್ತಿರದ ನಮ್ಮೂರ ಮನೆಗೆ, ಅಪ್ಪ ಹೋದಮೇಲೆ, ನಾಲ್ಕು ವರ್ಷದಿಂದ ಬೀಗ. ಕೊಳ್ಳುವವರು ಸಿಕ್ಕಿದ್ದಾರೆ, ಅವ್ವನ ಸಹಿ ಬೇಕು. ಮಕ್ಕಳಿಬ್ಬರೂ ಎದುರಿಗಿರುವಾಗ ಮಾತು ತೆಗೆಯೋಣವೆಂದು ಕಾಗದ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ.

ಮೊದಲು ಯೆಲ್ಲಿಂಗ್. ಬಿಳಿ ಸುಣ್ಣದ ಪುಟ್ಟ ಚರ್ಚು, ಅಕ್ಕಪಕ್ಕ ಎರಡು ಹಸಿರು ದಿಬ್ಬ, ಬಾಗಿಲ ಮುಂದೆ ಗಾಜಿನ ಪೆಟ್ಟಿಗೆಯೊಳಗೆ ಎರಡು ಶಾಸನಗಲ್ಲು. ದೊಡ್ಡದನ್ನು ಹತ್ತನೇ ಶತಮಾನದಲ್ಲಿ ನಿಲ್ಲಿಸಿದವನು ಹೆರಾಲ್ಡ್ ಬ್ಲೂಟೂತ್. ನಮ್ಮ ಫೋನಿನ ಬ್ಲೂಟೂತ್ ಹೆಸರು ಅವನದೇ, ಅದರ ಗುರುತು ಅವನ ಹೆಸರಿನ ಎರಡು ರೂನ್ ಅಕ್ಷರ ಎಂದು ತಿಳಿದು ಮಗಳಿಗೆ ಸಂಭ್ರಮ. ಅವ್ವ ಸಣ್ಣ ಕಲ್ಲಿನ ಮುಂದೆ ನಿಂತಳು. ಹೆರಾಲ್ಡನ ಅಪ್ಪ ಗೋರ್ಮ್ ದೊರೆ ತನ್ನ ಹೆಂಡತಿ ತೂರಾಳ ನೆನಪಿಗೆ ನಿಲ್ಲಿಸಿದ್ದು ಎಂದು ತಮ್ಮ ಹೇಳಿದ. “ಹೇಣ್ತಿ ಸಲುವಾಗಿ ಕಲ್ಲು ನಿಲ್ಲಿಸ್ಯಾನ? ಛಲೋ ಗಂಡಸು,” ಎಂದಳು.

ಅಲ್ಲಿಂದ ರೀಬೆಯತ್ತ. ದಾರಿಯುದ್ದಕ್ಕೂ ಬಾರ್ಲಿ ಹೊಲ, ಗಾಳಿಯಂತ್ರ, ಅಲ್ಲೊಂದು ಇಲ್ಲೊಂದು ಹುಲ್ಲು ಹೊದಿಸಿದ ಮನೆ. ಒಂದು ಹಳ್ಳಿಯ ರಸ್ತೆ ಬದಿಗೆ ಮರದ ಗೂಡಿನಲ್ಲಿ ಹೊಸ ಆಲೂಗಡ್ಡೆ, ಸ್ಟ್ರಾಬೆರಿ, ಪಕ್ಕದಲ್ಲಿ ದುಡ್ಡಿನ ಡಬ್ಬಿ. ಮಾರುವವರಿಲ್ಲ. ನಾಣ್ಯ ಹಾಕಬೇಕು, ಇಲ್ಲವೇ ಅಲ್ಲಿ ಬರೆದ ನಂಬರಿಗೆ ಫೋನಿನಿಂದ ಕಳಿಸಬೇಕು. ಯಜಮಾನರು ಫೋಟೋ ತೆಗೆದಿದ್ದೇ ತೆಗೆದಿದ್ದು. ಅವ್ವ ಮಾತ್ರ ಬುಟ್ಟಿ ಮುಟ್ಟಲಿಲ್ಲ. “ಕೇಳದ ಹೆಂಗ ತಗೊಳ್ಳೋದು? ಯಾರರೆ ಬರಲಿ.”

ಹತ್ತು ನಿಮಿಷಕ್ಕೆ ಎದುರು ಮನೆಯ ಅಜ್ಜಿ ನಿಜವಾಗಿಯೂ ಬಂದರು. ನಮ್ಮನ್ನು ಕಂಡು ಕಾರು ಕೆಟ್ಟಿದೆ ಅಂದುಕೊಂಡಿದ್ದರಂತೆ. ತಮ್ಮನ ಅರೆಬರೆ ಡೇನಿಶ್‌ನಲ್ಲಿ ಮಾತು ಸಾಗಿತು. ಊರ ಶಾಲೆ ಮುಚ್ಚಿದೆ, ಅಂಗಡಿಯೂ ಮುಚ್ಚಿದೆ. ಸಣ್ಣ ಹೊಲಗಳೆಲ್ಲ ದೊಡ್ಡವರ ಪಾಲಾಗಿ, ಈಗ ಯಂತ್ರ ನಡೆಸಲು ಒಬ್ಬಿಬ್ಬರಿದ್ದರೆ ಸಾಕು. ಅಜ್ಜಿಯ ಮಕ್ಕಳು ಕೋಪನ್‌ಹೇಗನ್‌ನಲ್ಲಿ. ಅವರ ಅಂಗಳದಲ್ಲೂ ‘ಮಾರಾಟಕ್ಕಿದೆ’ ಎಂಬ ಬೋರ್ಡು ನಿಂತಿತ್ತು. ಎಷ್ಟು ದಿನವಾಯಿತು ಎಂದು ತಮ್ಮ ಕೇಳಿದರೆ ಎರಡು ಬೆರಳು ತೋರಿಸಿದರು. ತಿಂಗಳಲ್ಲ, ವರ್ಷ.

ಅವ್ವ ಡಬ್ಬಿಯಿಂದ ಎರಡು ಶೇಂಗಾ ಹೋಳಿಗೆ ತೆಗೆದು ಅವರ ಕೈಯಲ್ಲಿಟ್ಟಳು. ಅವರು ಅಲ್ಲೇ ನಿಂತು ತಿಂದರು.

ಮುಂದೆ ಕಾರಿನಲ್ಲಿ ತಮ್ಮ ಸಹಕಾರದ ಕಥೆ ತೆಗೆದ. ಇದೇ ಪಶ್ಚಿಮ ಜಟ್‌ಲ್ಯಾಂಡಿನ ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ 1882ರಲ್ಲಿ ರೈತರು ಸೇರಿ ದೇಶದ ಮೊದಲ ಸಹಕಾರಿ ಡೇರಿ ಕಟ್ಟಿದರು. ಆ ಸಂಘಗಳಲ್ಲಿ ಮತ ತಲೆಗೊಂದು. ಹಸು ಎಷ್ಟಿವೆ ಎಂಬ ಲೆಕ್ಕವಿಲ್ಲ. ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. “ಕಣಗಿನಹಾಳ ನನ್ನ ತವರಿನ ಬಾಜೂಕ,” ಎಂದಳು ಅವ್ವ. “ಕೂಡಿ ಕಟ್ಟಿದ ಮಂದಿನೂ ಬಿಟ್ಟು ಹೋದ್ರಂದ್ರ...” ಅಷ್ಟಕ್ಕೇ ಸುಮ್ಮನಾದಳು.

ರೀಬೆ ಡೆನ್ಮಾರ್ಕಿನ ಅತಿ ಹಳೆಯ ಪಟ್ಟಣ. ಎಂಟನೇ ಶತಮಾನದ ಆರಂಭದಿಂದ ಇದೆ. ಈಗ ಜನ ಸುಮಾರು 8 ಸಾವಿರ. ಕಲ್ಲು ಹಾಸಿನ ಓಣಿ, ಒಂದಕ್ಕೊಂದು ಒರಗಿ ನಿಂತ ಮರದ ಚೌಕಟ್ಟಿನ ಮನೆಗಳು, ಗೋಡೆಗೆ ಗುಲಾಬಿ. ನದಿಯ ದಂಡೆಯಲ್ಲೊಂದು ಕಂಬ, ಅದರ ಮೇಲೆ ಸಮುದ್ರ ಊರೊಳಗೆ ನುಗ್ಗಿದ ವರ್ಷಗಳ ಗುರುತು. ಎಲ್ಲಕ್ಕಿಂತ ಮೇಲಿನದು 1634. ಮಗಳು ಕೈ ಚಾಚಿ ಜಿಗಿದರೂ ಅದು ಎಟುಕಲಿಲ್ಲ. ಅಷ್ಟು ನೀರು ಬಂದ ಮೇಲೂ ಮಂದಿ ತಿರುಗಿ ಬಂದು ಇದೇ ಊರಲ್ಲಿ ಉಳಿದರು ಎಂಬುದನ್ನು ಅವ್ವ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ರಾತ್ರಿ ಹತ್ತಾದರೂ ಬೆಳಕು ಆರಿರಲಿಲ್ಲ. ಹಿಂದಿನ ಕಾಲದ ಕಾವಲುಗಾರನ ವೇಷದಲ್ಲಿ ಒಬ್ಬರು ಲಾಟೀನು ಹಿಡಿದು ಹಾಡುತ್ತ ಓಣಿಯಲ್ಲಿ ಬಂದರು. ಈಗ ಇದು ಪ್ರವಾಸಿಗರಿಗಾಗಿಯೇ. ಅವ್ವ ಕಿಟಕಿ ತೆರೆದು, ಹಾಡು ತಿರುವಿನಲ್ಲಿ ಕರಗುವತನಕ ನಿಂತಿದ್ದಳು.

ಆಮೇಲೆ ನಾನು ಬಾಯಿ ತೆರೆಯುವ ಮೊದಲೇ, “ಮನಿ ಕಾಗದ ತಂದೀಯಲಾ? ನಿನ್ನ ಬ್ಯಾಗಿನ್ಯಾಗ ನೋಡೀನಿ,” ಎಂದಳು.

“ಹೂಂ ಅವ್ವಾ.”

“ಸಹಿ ಮಾಡತೀನಿ. ತೊಗೊಳ್ಳಾಂವ ಅಲ್ಲೇ ಇರತಾನೇನು? ಸಂಜಿಕ ದೀಪಾ ಹಚ್ಚತಾನೇನು? ಅಷ್ಟು ಕೇಳಿ ಹೇಳು.”

ಮನೆ ಕೆಡವಿ ಗೋಡೌನ್ ಕಟ್ಟುತ್ತಾನೆ ಎಂದು ನನಗೂ ತಮ್ಮನಿಗೂ ಗೊತ್ತಿತ್ತು. ತಮ್ಮ ನನ್ನ ಮುಖ ನೋಡಿದ. “ಕೇಳತೀನವಾ,” ಎಂದೆ.

ಪುಣೆಗೆ ಬಂದು ಎರಡು ತಿಂಗಳಾಯಿತು. ಕಾಗದ ಇನ್ನೂ ಅದೇ ಬ್ಯಾಗಿನಲ್ಲಿದೆ. ಅವ್ವ ಮತ್ತೆ ಕೇಳಿಲ್ಲ.