ಹತ್ತು ಮೀಟರು ದೂರದ ಅರ್ಧ ಮಿಲಿಮೀಟರು

ಜಾತ್ರೆ ಪರಿಷೆಗಳಲ್ಲಿ ಹಲಗೆಯ ತುಂಬ ಬಣ್ಣದ ಬಲೂನುಗಳನ್ನು ಸಿಕ್ಕಿಸಿಕೊಂಡು, ಕಾಸಿಗಿಷ್ಟು ಗುಂಡೆಂದು ಏರ್‌ಗನ್ ಕೈಗೆ ಕೊಡುವವನ ಮುಂದೆ ನಿಂತು ಗುರಿ ತಪ್ಪಿದವರಲ್ಲಿ ತಮ್ಮ ಕೈಯನ್ನೇ ಶಂಕಿಸಿದವರು ವಿರಳ. ನಳಿಗೆ ಸೊಟ್ಟವೆಂದು ತೀರ್ಪು ಕೊಟ್ಟು ಮುಂದಿನ ಅಂಗಡಿಗೆ ನಡೆದವರೇ ಹೆಚ್ಚು. ಅಲ್ಲಿ ಆ ತೀರ್ಪು ನಿಜವಾಗಿರುವುದೂ ಉಂಟು. ಆದರೆ ಲಕ್ಷಗಟ್ಟಲೆ ಹಣ ತೆತ್ತು ಜರ್ಮನಿಯಿಂದಲೋ ಆಸ್ಟ್ರಿಯಾದಿಂದಲೋ ತರಿಸಿಕೊಂಡ ಸ್ಪರ್ಧೆಯ ಏರ್ ರೈಫಲ್ ಇದ್ದಕ್ಕಿದ್ದಂತೆ ಹತ್ತರ ಬದಲು ಒಂಬತ್ತನ್ನೂ ಎಂಟನ್ನೂ ಕೊಡತೊಡಗಿದಾಗ, ಅದರ ಒಡೆಯನ ಬಾಯಿಂದ ಹೊರಡುವ ಮೊದಲ ಮಾತೂ 'ಬ್ಯಾರೆಲ್ ಹೋಯ್ತು' ಎಂಬುದೇ ಆಗಿರುತ್ತದೆ. ಉಕ್ಕಿನ ನಳಿಗೆಯೊಳಗೆ ಹಾಯುವುದು ಮೆತ್ತನೆಯ ಸೀಸ; ಮದ್ದಿನ ಬೆಂಕಿಯಿಲ್ಲ, ಶಾಖವಿಲ್ಲ; ಸವೆತವೆಂಬುದು ಅಲ್ಲಿ ಅತ್ಯಲ್ಪ. ಆದುದರಿಂದ ಆರೋಪಿಗಳ ಸಾಲಿನಲ್ಲಿ ನಳಿಗೆ ಕಟ್ಟಕಡೆಯಲ್ಲಿ ನಿಲ್ಲತಕ್ಕದ್ದು. ಅದಕ್ಕಿಂತ ಮುಂಚೆ ವಿಚಾರಣೆಗೆ ಒಳಗಾಗಬೇಕಾದವು ತಿರುಪು, ಗುಂಡು, ಗಾಳಿ, ಬೆಳಕು ಮೊದಲಾದ ಸಾಮಾನ್ಯ ವಸ್ತುಗಳು.

ಈ ಕ್ರೀಡೆಯ ಅಳತೆಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಇಷ್ಟು ಅಲ್ಪ ಸಂಗತಿಗಳು ಏತಕ್ಕೆ ಮುಖ್ಯವಾಗುತ್ತವೆಂಬುದು ತಿಳಿಯುತ್ತದೆ. ಹತ್ತು ಮೀಟರು ದೂರದ ಲಕ್ಷ್ಯದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ 0.5 ಮಿಲಿಮೀಟರು. ಗುಂಡಿನ ವ್ಯಾಸ 4.5 ಮಿ.ಮೀ.; ಅದರ ಅಂಚು ಚುಕ್ಕೆಯನ್ನು ಸೋಕಿದರೂ ಹತ್ತು ಸಿಕ್ಕುತ್ತದೆಂಬುದು ನಿಜವಾದರೂ, ಈಗಿನ ಸ್ಪರ್ಧೆಗಳಲ್ಲಿ ಹತ್ತನ್ನೂ 10.0ಯಿಂದ 10.9ರ ತನಕ ದಶಾಂಶಗಳಾಗಿ ಸೀಳಿ ಎಣಿಸುವುದರಿಂದ, ಕೇಂದ್ರದಿಂದ ಕಾಲು ಮಿಲಿಮೀಟರು ಸರಿದಂತೆಲ್ಲ ಒಂದೊಂದು ದಶಾಂಶ ಕಳೆಯುತ್ತ ಹೋಗುತ್ತದೆ. 60 ಗುಂಡುಗಳಿಗೆ ಪೂರ್ಣಾಂಕ 654. ಕೋವಿಯ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಇರುವ ಅಂತರ ಸುಮಾರು 80 ಸೆಂಟಿಮೀಟರು. ಲಕ್ಷ್ಯದ ದೂರ ಇದರ ಹನ್ನೆರಡೂವರೆ ಪಾಲು. ಎಂದಮೇಲೆ ಸೈಟು 20 ಮೈಕ್ರಾನು ಅಲುಗಿದರೆ ಲಕ್ಷ್ಯದ ಮೇಲೆ ಗುಂಡು ಕಾಲು ಮಿಲಿಮೀಟರು ಸರಿಯಿತೆಂದೇ ಲೆಕ್ಕ.

ಮೈಕ್ರಾನು ಎಂಬ ಮಾತು ಪೀಣ್ಯದ ಬೀದಿಗಳಲ್ಲಿ ದಿನವೂ ಕೇಳಿಬರುವ ಮಾತು. 1953ರಲ್ಲಿ ಎಚ್.ಎಂ.ಟಿ. ಹುಟ್ಟಿ ಜಾಲಹಳ್ಳಿಯ ಕಡೆ ಯಂತ್ರಗಳನ್ನು ಕಟ್ಟತೊಡಗಿದಂದಿನಿಂದ, 1962ರಲ್ಲಿ ತುಮಕೂರು ರಸ್ತೆಯಲ್ಲಿ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾದಂದಿನಿಂದ, ಬೆಂಗಳೂರಿನ ಈ ಉತ್ತರಭಾಗದಲ್ಲಿ ಅಳೆಯುವ ವಿದ್ಯೆ ಒಂದು ಕುಲವಿದ್ಯೆಯಂತೆಯೇ ಹಬ್ಬಿದೆ. ಇನ್ನೊಂದು ಅಂಚಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದಿನವೆಲ್ಲ ಪರದೆಯ ಮುಂದೆ ಕುಳಿತವರು ಸಂಜೆಗೋ ಭಾನುವಾರಕ್ಕೋ ಒಂದು ಏಕಾಗ್ರತೆಯ ವ್ಯಸನವನ್ನು ಅರಸುವುದೂ ಸಹಜವೇ. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದುದನ್ನೂ, ಇದೇ ನಗರದ ತಿಲೋತ್ತಮಾ ಸೇನ್ ಇನ್ನೂ ಶಾಲಾವಯಸ್ಸಿನಲ್ಲೇ 2023ರ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಏರ್ ರೈಫಲ್ಲಿನ ಬೆಳ್ಳಿ ಪಡೆದುದನ್ನೂ ಕಂಡಮೇಲೆ ಈ ವ್ಯಸನಕ್ಕೆ ಗೌರವವೂ ಹೆಚ್ಚಿದೆ.

ದೋಷವನ್ನು ಹುಡುಕ ಹೊರಟವನು ಮೊದಲು ನಿಶ್ಚಯಿಸಿಕೊಳ್ಳಬೇಕಾದುದು ದೋಷದ ಜಾತಿಯನ್ನು. ಹತ್ತು ಗುಂಡುಗಳೂ ಒಂದೇ ತೂತಿನಂತೆ ಒತ್ತಾಗಿ ಬಿದ್ದು, ಆ ತೂತು ಮಾತ್ರ ಕೇಂದ್ರದಿಂದ ದೂರವಿದ್ದರೆ ಅದು ರೋಗವೇ ಅಲ್ಲ. ಸೈಟಿನ ಗುಂಡಿಯನ್ನು ನಾಲ್ಕು ಕ್ಲಿಕ್ ತಿರುಗಿಸಿದರೆ ಮುಗಿಯಿತು. ಗುಂಡುಗಳು ಚದರಿ ಬಿದ್ದರೆ ಮಾತ್ರ ಚಿಂತೆಗೆ ಕಾರಣ. ಆ ಚದರಿಕೆ ಕೈಯದೋ ಕೋವಿಯದೋ ಎಂಬುದನ್ನು ತಿಳಿಯಲು, ಕೋವಿಯನ್ನು ಮೇಜಿನ ಮೇಲೆ ಮರಳುಚೀಲಕ್ಕೆ ಭದ್ರವಾಗಿ ಒರಗಿಸಿ, ಒಂದೇ ಡಬ್ಬಿಯ ಗುಂಡುಗಳನ್ನು ಹೊಸ ಕಾಗದಕ್ಕೆ ಹಾರಿಸಿ ನೋಡತಕ್ಕದ್ದು. ಮೇಜಿನ ಮೇಲೆ ಒತ್ತಾಗಿ ಬಿದ್ದು ನಿಂತು ಹೊಡೆದಾಗ ಚದರಿದರೆ ಕೋವಿಯನ್ನು ಬಿಚ್ಚುವ ಅಗತ್ಯವೇ ಇಲ್ಲ. ಇಷ್ಟು ಸರಳವಾದ ಪರೀಕ್ಷೆಯನ್ನು ಬಿಟ್ಟು ನೇರವಾಗಿ ತಿರುಪುಳಿಗೆ ಕೈಹಾಕುವವರು ಇಲ್ಲದ ದೋಷವನ್ನು ಹುಡುಕುತ್ತ ಹೋಗಿ ಹೊಸದೊಂದನ್ನು ಹುಟ್ಟಿಸಿಯೇ ಹಿಂದಿರುಗುತ್ತಾರೆ.

ಪೀಣ್ಯದ ಎರಡನೆಯ ಹಂತದಲ್ಲಿ ಟೂಲ್‌ರೂಮ್ ಇಟ್ಟುಕೊಂಡಿರುವ ಪರಿಚಿತರೊಬ್ಬರ ಬಳಿಗೆ ವೈಟ್‌ಫೀಲ್ಡಿನ ತರುಣಿಯೊಬ್ಬಳು ತನ್ನ ಕೋವಿಯನ್ನು ತಂದಿದ್ದ ದಿನ ನಾನೂ ಅಲ್ಲಿದ್ದೆ. ಮೇಜಿನ ಪರೀಕ್ಷೆ ಆಗಲೇ ಮುಗಿದಿತ್ತು. ಗುಂಡುಗಳು ಎಡಬಲಕ್ಕೆ ಒಂದು ವೃತ್ತದಷ್ಟು ಚದರುತ್ತಿದ್ದವು. ಆತ ಏನನ್ನೂ ಬಿಚ್ಚಲಿಲ್ಲ. ವೈಸಿನ ದವಡೆಗಳಿಗೆ ಚರ್ಮದ ತುಂಡಿಟ್ಟು ಕೋವಿಯನ್ನು ಹಿಡಿಸಿ, ಸ್ಟ್ಯಾಂಡಿನಲ್ಲಿ ಡಯಲ್ ಗೇಜ್ ನಿಲ್ಲಿಸಿ, ಅದರ ಮೊನೆಯನ್ನು ಹಿಂದಿನ ಸೈಟಿನ ಪಕ್ಕಕ್ಕೆ ತಾಗಿಸಿದರು; ಹೆಬ್ಬೆರಳಿನಿಂದ ಸೈಟನ್ನು ಮೆಲ್ಲನೆ ಒತ್ತಿದರು. ಮುಳ್ಳು ಇಪ್ಪತ್ತು ಗೆರೆ ಓಡಿತು. ಬೆರಳು ತೆಗೆದಮೇಲೂ ಅಲ್ಲಿಯೇ ನಿಂತಿತು.

"ನೋಡಮ್ಮ, ಒತ್ತಿದ್ರೆ ಒಂದೆರಡು ಗೆರೆ ಹೋಗೋದು ಸಹಜ, ಬಿಟ್ಟ ಮೇಲೆ ವಾಪಸ್ ಬರ್ಬೇಕು. ಇದು ಬರ್ಲಿಲ್ಲ. ಪ್ಲೇ ಇದೆ."

"ಬ್ಯಾರೆಲ್ ಅಲ್ವಾ ಅಂಕಲ್?"

"ಬ್ಯಾರೆಲ್ ಏನ್ ಮಾಡ್ತು ಪಾಪ!"

ಇಪ್ಪತ್ತು ಗೆರೆಯೆಂದರೆ 0.2 ಮಿ.ಮೀ.; ಅದರ ಹನ್ನೆರಡೂವರೆ ಪಾಲು ಎರಡೂವರೆ ಮಿಲಿಮೀಟರು; ಲಕ್ಷ್ಯದ ಒಂದು ವೃತ್ತದ ಅಗಲವೂ ಅಷ್ಟೆ. ಸೈಟನ್ನು ಹಳಿಗೆ ಬಿಗಿಯುವ ಪುಟ್ಟ ತಿರುಪೊಂದು ಸಡಿಲವಾಗಿತ್ತು.

ಎಲ್ಲ ಪ್ರಕರಣಗಳೂ ಇಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ಆದರೂ ಮೊದಲು ನೋಡಬೇಕಾದುವು ತಿರುಪುಗಳೇ. ಕೋವಿಯ ಲೋಹಭಾಗವನ್ನು ಹಿಡಿಯೊಡನೆ ಬಂಧಿಸುವ ತಿರುಪುಗಳು ಸಡಿಲವಾದರೆ ಪ್ರತಿ ಗುಂಡಿಗೂ ಕೋವಿ ಬೇರೆ ಬೇರೆ ರೀತಿಯಲ್ಲಿ ಕೂರುತ್ತದೆ. ಹಾಗೆಂದು ತೋಳ್ಬಲವನ್ನೆಲ್ಲ ತೋರಿಸಿ ಬಿಗಿದರೂ ಕೇಡು. ತಯಾರಕರು ಹೇಳಿದಷ್ಟೇ ಬಿಗಿತವನ್ನು ಟಾರ್ಕ್ ವ್ರೆಂಚಿನಿಂದ ಕೊಡುವುದು ಯುಕ್ತ. ಮರದ ಹಿಡಿಯುಳ್ಳ ಹಳೆಯ ಕೋವಿಗಳು ಬೆಂಗಳೂರಿನ ಜುಲೈ ತಿಂಗಳ ತೇವಕ್ಕೆ ಉಬ್ಬಿ ಮಾರ್ಚಿನ ಒಣಹವೆಗೆ ಕುಗ್ಗುವುದರಿಂದ ಋತುವಿಗೊಮ್ಮೆಯಾದರೂ ಈ ಪರೀಕ್ಷೆ ಬೇಕು. ನಳಿಗೆಗೆ ಗಾಳಿಯ ಸಿಲಿಂಡರಾಗಲಿ ಹಿಡಿಯ ಮುಂಭಾಗವಾಗಲಿ ಎಲ್ಲಿಯಾದರೂ ತಗುಲುತ್ತಿದೆಯೋ ಎಂಬುದನ್ನು ಒಂದು ತೆಳುಕಾಗದದ ಪಟ್ಟಿಯನ್ನು ನಡುವೆ ಎಳೆದು ನೋಡಿ ತಿಳಿಯಬಹುದು.

ಇನ್ನು ಗುಂಡು. ಅರ್ಧ ಗ್ರಾಮಿಗಿಂತ ತುಸು ಹೆಚ್ಚು ತೂಗುವ, ಮುಂದೆ ಚಪ್ಪಟೆಯಾಗಿ ನಡು ಸಣ್ಣಗಾಗಿ ಹಿಂದೆ ಲಂಗದಂತೆ ಅಗಲವಾದ ಈ ಸೀಸದ ತುಣುಕಿಗೆ ಕೊಡುವ ಗಮನ ಸಾಮಾನ್ಯವಾಗಿ ಅದರ ಬೆಲೆಯಷ್ಟೇ ಅಲ್ಪ. ನಳಿಗೆಯೊಳಗಿನ ತಿರುಚುಗೆರೆಗಳನ್ನು ಕಚ್ಚಿ ತಿರುಗುವುದೂ, ಹಿಂದಿನ ಗಾಳಿ ಸೋರದಂತೆ ತಡೆಯುವುದೂ ಈ ಲಂಗದ ಕೆಲಸ. ಡಬ್ಬಿ ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದರೆ ಅದರೊಳಗಿನ ಎಷ್ಟೋ ಗುಂಡುಗಳ ಲಂಗ ನೆಗ್ಗಿರುತ್ತದೆ. ಅಂಥದನ್ನು ಸ್ಪರ್ಧೆಗೆ ಬಳಸತಕ್ಕದ್ದಲ್ಲ. ತಲೆಯ ವ್ಯಾಸದಲ್ಲಿಯೂ 4.49, 4.50, 4.51 ಎಂದು ಭೇದಗಳುಂಟು. ಒಂದು ನಳಿಗೆಗೆ ಹೊಂದಿದ್ದು ಅದೇ ಕಾರ್ಖಾನೆಯ, ಅದೇ ಮಾದರಿಯ ಇನ್ನೊಂದು ನಳಿಗೆಗೆ ಹೊಂದದಿರಬಹುದು. ಯಾವುದು ಹೊಂದುವುದೆಂದು ತರ್ಕದಿಂದ ಹೇಳಬಲ್ಲವರಿಲ್ಲ, ಹೊಡೆದೇ ನೋಡಬೇಕು. ಒಂದೇ ಹೆಸರಿನ ಗುಂಡಾದರೂ ಡಬ್ಬಿಯ ಮೇಲಿನ ಲಾಟ್ ಸಂಖ್ಯೆ ಬದಲಾದರೆ ಫಲವೂ ಬದಲಾಗುವುದುಂಟಾದ್ದರಿಂದ, ಅನುಭವಸ್ಥರು ಪರೀಕ್ಷೆಯಲ್ಲಿ ಗೆದ್ದ ಲಾಟಿನ ಡಬ್ಬಿಗಳನ್ನು ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಂಡಿಡುತ್ತಾರೆ. ನಿನ್ನೆಯವರೆಗೆ ಚೆನ್ನಾಗಿದ್ದ ಕೋವಿ ಇಂದು ಕೆಟ್ಟಿತೆಂದು ಬರುವವರನ್ನು ನಾನಾದರೆ ಮೊದಲು ಕೇಳುವ ಪ್ರಶ್ನೆ ಡಬ್ಬಿ ಬದಲಾಯಿತೆ ಎಂಬುದು. ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ತಿಂಡಿ ತಿನ್ನಬಾರದೆಂಬುದು ಗುರಿಗೆ ಸಂಬಂಧಿಸಿದ್ದಲ್ಲವಾದರೂ ಹೇಳಿಬಿಡುವುದು ಒಳ್ಳೆಯದು, ಸೀಸ ವಿಷ.

ಗಾಳಿಯ ಕಥೆ ಇನ್ನೂ ಸ್ವಾರಸ್ಯವಾದುದು. ಸಿಲಿಂಡರಿನಲ್ಲಿ 200 ಬಾರ್‌ನಷ್ಟು ಒತ್ತಡದಿಂದ ತುಂಬಿದ ಗಾಳಿಯನ್ನು ರೆಗ್ಯುಲೇಟರ್ ಎಂಬ ದ್ವಾರಪಾಲಕ ತಗ್ಗಿಸಿ, ಪ್ರತಿ ಗುಂಡಿಗೂ ಒಂದೇ ಅಳತೆಯಲ್ಲಿ ಬಡಿಸುತ್ತಾನೆ. ಗುಂಡು ನಳಿಗೆಯಿಂದ ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 172 ಮೀಟರು. ಶಕ್ತಿ ಎಂಟು ಜೂಲಿನ ಒಳಗೆ. ಹತ್ತು ಮೀಟರು ಹಾಯುವಷ್ಟರಲ್ಲಿ ಗುಂಡು ಭೂಮಿಯ ಸೆಳೆತಕ್ಕೆ ಸುಮಾರು 17 ಮಿ.ಮೀ. ಇಳಿಯುತ್ತದೆ, ಸೈಟು ಇದನ್ನು ಲೆಕ್ಕಕ್ಕೆ ಹಿಡಿದೇ ಇಟ್ಟಿರುವುದರಿಂದ ನಮಗೆ ತಿಳಿಯುವುದಿಲ್ಲ. ರೆಗ್ಯುಲೇಟರ್ ಅಲಸಿ, ವೇಗ ಮೂರು ಮೀಟರು ಕುಗ್ಗಿ 169 ಆಯಿತೆನ್ನೋಣ; ಇಳಿತ ಇನ್ನೂ 0.6 ಮಿ.ಮೀ. ಹೆಚ್ಚಿ, ಹೊಡೆದವನದು ಏನೇನೂ ತಪ್ಪಿಲ್ಲದೆ ಎರಡು ದಶಾಂಶಕ್ಕೂ ಮಿಕ್ಕು ಹೋಯಿತು! ಆದ್ದರಿಂದ ಗುಂಡುಗಳು ಎಡಬಲಕ್ಕೆ ಸರಿಯಾಗಿದ್ದು ಮೇಲೆ ಕೆಳಗೆ ಮಾತ್ರ ಹರಡಿದರೆ ಗಾಳಿಯನ್ನೇ ಶಂಕಿಸತಕ್ಕದ್ದು. ಕ್ರೋನೋಗ್ರಾಫ್ ಎಂಬ ವೇಗಮಾಪಕವಿದ್ದರೆ ಸಂಶಯ ತಕ್ಷಣ ಪರಿಹಾರವಾಗುತ್ತದೆ. ಹತ್ತು ನಿಮಿಷ ಸುಮ್ಮನಿಟ್ಟು ಹೊಡೆದ ಮೊದಲ ಗುಂಡು ಮಾತ್ರ ಮೇಲಕ್ಕೆ ಹೋಗುತ್ತಿದ್ದರೆ ರೆಗ್ಯುಲೇಟರಿನ ಕವಾಟ ಪೂರ್ತಿ ಮುಚ್ಚದೆ ಒತ್ತಡ ಒಳಗೊಳಗೇ ಏರುತ್ತಿದೆಯೆಂದು ಅರ್ಥ. ಗುಂಡಿಡುವ ಬಾಯಲ್ಲಿರುವ ರಬ್ಬರಿನ ಓ-ರಿಂಗ್ ಸವೆದು ಗಾಳಿ ಸೋರುವುದೂ ಉಂಟು. ಅಲ್ಲಿ ಒಂದೆಳೆ ಟಿಶ್ಯೂ ಕಾಗದವನ್ನಿಟ್ಟು ಹೊಡೆದರೆ ಕಾಗದ ಹಾರಿ ಸಾಕ್ಷಿ ಹೇಳುತ್ತದೆ. ರಿಂಗಿನ ಬೆಲೆ ಅಲ್ಪ. ಅದನ್ನು ಬದಲಾಯಿಸುವ ಕೆಲಸವೂ ಅಲ್ಪ. ರೆಗ್ಯುಲೇಟರನ್ನು ಮಾತ್ರ ಮನೆಯಲ್ಲಿ ಬಿಚ್ಚುವ ಸಾಹಸ ಸಲ್ಲದು. ಅದು ಹೆಚ್ಚಿನ ಒತ್ತಡದ ವಸ್ತು. ಸಿಲಿಂಡರಿನ ಮೇಲೆ ಕೊರೆದ ಅವಧಿಯ ದಿನಾಂಕವನ್ನೂ ಲಘುವಾಗಿ ಕಾಣಬಾರದು.

ಇದು ಸಿಲಿಂಡರಿನ ಕೋವಿಯ ಮಾತಾಯಿತು; ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಸ್ಪ್ರಿಂಗಿನ ಏರ್ ರೈಫಲ್. ಕುದುರೆ ಎಳೆದೊಡನೆ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗಿ ನಿಲ್ಲುವ ಆ ಕೋವಿಯಲ್ಲಿ, ಗುಂಡು ಹೊರಡುವ ಮೊದಲೇ ಮೈಯೆಲ್ಲ ಅದಿರುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ಗುರಿ ಕೆಡುತ್ತದೆ. ಅದಕ್ಕೆ ಸಡಿಲವಾದ, ಪ್ರತಿ ಬಾರಿಯೂ ಒಂದೇ ತೆರನಾದ ಹಿಡಿತವೇ ಮುಖ್ಯ ಚಿಕಿತ್ಸೆ.

ನಳಿಗೆಯ ವಿಷಯದಲ್ಲಿ ನೋಡಬೇಕಾದ ಒಂದು ಸ್ಥಳವೆಂದರೆ ಅದರ ತುದಿ. ಗುಂಡು ನಳಿಗೆಯನ್ನು ಕೊನೆಯದಾಗಿ ಸೋಕುವ ಆ ಅಂಚಿನಲ್ಲಿ ಸಣ್ಣದೊಂದು ಗೀರಿದ್ದರೂ ಗಾಳಿ ಒಂದು ಪಕ್ಕದಿಂದ ಮೊದಲು ಚಿಮ್ಮಿ ಗುಂಡನ್ನು ತಳ್ಳಿಬಿಡುತ್ತದೆ. ಉಣ್ಣೆಯ ಫೆಲ್ಟ್ ಬಿಲ್ಲೆಗಳಿಂದ ಆಗಾಗ ಶುದ್ಧಿ ಮಾಡಿದರೆ ಸಾಕು. ಉಕ್ಕಿನ ಕಡ್ಡಿಯನ್ನು ತುದಿಯಿಂದ ತುರುಕಿ ಉಜ್ಜುವವರು ನಳಿಗೆಯನ್ನು ಶುದ್ಧಿಯ ನೆಪದಲ್ಲಿ ಕೊಲ್ಲುತ್ತಾರೆ.

ಕಣ್ಣು, ಬೆಳಕು, ವಾಲಿಕೆ ಇವು ಕೋವಿಯವೂ ಅಲ್ಲ, ಪೂರ್ತಿಯಾಗಿ ಮನುಷ್ಯನವೂ ಅಲ್ಲ. ಕೋವಿಯನ್ನು ಒಂದು ಡಿಗ್ರಿ ಪಕ್ಕಕ್ಕೆ ವಾಲಿಸಿದರೆ ಹತ್ತು ಮೀಟರಿನಲ್ಲಿ ಗುಂಡು ಆ ಕಡೆಗೆ ಸುಮಾರು 0.3 ಮಿ.ಮೀ. ಸರಿಯುತ್ತದೆ, ಸದಾ ಒಂದೇ ಕೋನದಲ್ಲಿ ವಾಲಿಸುವವನಿಗೆ ಬಾಧೆಯಿಲ್ಲ, ಗುಂಡಿಗೊಂದು ಕೋನವಿಡುವವನಿಗೆ ಉಂಟು. ಕೆನ್ನೆಯನ್ನು ಹಿಡಿಯ ಮೇಲೆ ಊರುವ ಜಾಗ ಬದಲಾದರೆ ಕಣ್ಣು ಸೈಟಿನ ರಂಧ್ರದ ನಡುವಿನಿಂದ ತಪ್ಪುತ್ತದೆ. ಮುಂದಿನ ಸೈಟಿನ ಬಳೆ ಸಣ್ಣದಾದಷ್ಟೂ ಗುರಿ ನಿಖರವೆಂಬ ಭ್ರಮೆ ಹೊಸಬರಲ್ಲಿ ಸಾಮಾನ್ಯ. ಬಳೆಗೂ ಕಪ್ಪು ಲಕ್ಷ್ಯಕ್ಕೂ ನಡುವೆ ಬೆಳ್ಳಗಿನ ಅಂಚು ತಕ್ಕಷ್ಟು ಕಾಣದಿದ್ದರೆ ಕಣ್ಣು ಕೇಂದ್ರವನ್ನು ಊಹಿಸುತ್ತದೆಯೇ ಹೊರತು ಕಾಣುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ದಿಲ್ಲಿಯ ಸ್ಪರ್ಧೆಯಲ್ಲಿ ತಮ್ಮ ಕೋವಿ ಕೆಡುತ್ತದೆಂದು ಹೇಳುವವರನ್ನೂ ಕೇಳಿದ್ದೇನೆ; ಹತ್ತು ಮೀಟರಿನ ಹಾದಿಯಲ್ಲಿ ಗಾಳಿಯ ಸಾಂದ್ರತೆಯ ವ್ಯತ್ಯಾಸ ನಗಣ್ಯಪ್ರಾಯ. ಅಲ್ಲಿನ ದೀಪಗಳು ಇಲ್ಲಿನವಲ್ಲ ಎಂಬುದು ಹೆಚ್ಚಿನ ಕಾರಣ.

ಕೋವಿಯೂ ಕೈಯೂ ನಿರ್ದೋಷಿಗಳೆಂದು ತೀರ್ಮಾನವಾದಮೇಲೂ ಉಳಿಯುವ ಆರೋಪಿಗಳು ಎರಡು: ಲಕ್ಷ್ಯ ಮತ್ತು ನೆಲ. ಎಲೆಕ್ಟ್ರಾನಿಕ್ ಲಕ್ಷ್ಯದೊಳಗೆ ಪ್ರತಿ ಗುಂಡಿಗೂ ಮುಂದೆ ಸರಿಯಬೇಕಾದ ಕಾಗದದ ಸುರುಳಿ ಸಿಕ್ಕಿಕೊಂಡರೆ ಯಂತ್ರವೇ ತಪ್ಪು ಅಂಕ ಹೇಳುವುದುಂಟು. ನಡುವೆ ಒಮ್ಮೆ ಸಾದಾ ಕಾಗದಕ್ಕೆ ಹೊಡೆದು ಹೋಲಿಸುವುದರಿಂದ ಇದು ಬಯಲಾಗುತ್ತದೆ. ನೆಲದ ಮಾತಿಗೆ ಅಭಿನವ್ ಬಿಂದ್ರಾ ಅವರ ಅನುಭವವೇ ಪ್ರಮಾಣ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅರ್ಹತಾ ಸುತ್ತಿನಲ್ಲಿ ಮೂರನೆಯವರಾಗಿದ್ದ ಅವರು ಅಂತಿಮ ಸುತ್ತಿನಲ್ಲಿ ಏಳನೆಯ ಸ್ಥಾನಕ್ಕೆ ಇಳಿದರು. ಅವರು ನಿಂತಿದ್ದ ಸ್ಥಳದಲ್ಲಿ ಕಾಲಡಿಯ ಹಾಸು ಸಡಿಲವಾಗಿತ್ತೆಂಬುದು ಆಮೇಲೆ ತಿಳಿದುಬಂತು. ನಾಲ್ಕು ವರ್ಷಗಳ ನಂತರ ಬೀಜಿಂಗಿನಲ್ಲಿ ಇದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರೂ ಅವರೇ.

ಕೈಗಾರಿಕಾ ಶೆಡ್ಡುಗಳ ಮಹಡಿಯಲ್ಲಿ ಹತ್ತು ಮೀಟರಿನ ಜಾಗ ಮಾಡಿಕೊಂಡು ಅಭ್ಯಾಸ ಮಾಡುವವರು ನೆಲದ ಈ ಪಾಠವನ್ನು ನೆನಪಿಡುವುದು ಮೇಲು. ಪಕ್ಕದಲ್ಲೋ ಕೆಳಗೋ ಪವರ್ ಪ್ರೆಸ್ಸು ನಡೆಯುತ್ತಿದ್ದರೆ ಅದರ ಪ್ರತಿ ಹೊಡೆತವೂ ಕಾಲಿನ ಮೂಲಕ ಕೋವಿಗೆ ಏರುತ್ತದೆ. ಪ್ರೆಸ್ಸು ನಡೆಯುವ ದಿನ ಹತ್ತು ಗುಂಡು, ರಜೆಯ ದಿನ ಅದೇ ಡಬ್ಬಿಯ ಹತ್ತು ಗುಂಡು ಹೊಡೆದು, ದಿನಾಂಕ ಬರೆದು ಎರಡು ಕಾಗದಗಳನ್ನೂ ಅಕ್ಕಪಕ್ಕದಲ್ಲಿಟ್ಟರೆ, ರಿಪೇರಿಯವನನ್ನು ಕಾಣಬೇಕೋ ಜಾಗ ಬದಲಾಯಿಸಬೇಕೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.