ನಿಮಗಿದು ಗೊತ್ತೆ? ಟೈರಿನ ಆಳವನ್ನಳೆಯುವ ಲಿಂಕನ್ ನಾಣ್ಯ

ಅಮೆರಿಕದ ನ್ಯೂಯಾರ್ಕ್, ವರ್ಜೀನಿಯಾ ಮೊದಲಾದ ಸಂಸ್ಥಾನಗಳಲ್ಲಿ ಪ್ರತಿವರ್ಷವೂ ಕಾರನ್ನು ಸುರಕ್ಷತಾ ತಪಾಸಣೆಗೆ ಒಪ್ಪಿಸಬೇಕೆಂಬ ವಿಧಿಯಿರುವುದರಿಂದ, ಅದಕ್ಕೆ ಮುನ್ನ ಒಂದು ಸೆಂಟಿನ ನಾಣ್ಯವನ್ನು ಕೈಗೆತ್ತಿಕೊಂಡು, ಅದರ ಮೇಲಿನ ಅಬ್ರಹಾಂ ಲಿಂಕನ್ನನ ಶಿರಸ್ಸು ಅಧೋಮುಖವಾಗುವಂತೆ ಟೈರಿನ ತೋಡುಗಳೊಳಗೆ ಇಳಿಸಿ ನೋಡುವ ಪದ್ಧತಿಯೊಂದು ಅಲ್ಲಿ ರೂಢಿಯಲ್ಲಿದೆ. ಶಿರಸ್ಸಿನ ಅಗ್ರಭಾಗವು ರಬ್ಬರಿನಲ್ಲಿ ಮರೆಯಾದರೆ ಚಿಂತೆಯಿಲ್ಲ. ಪೂರ್ಣವಾಗಿ ಗೋಚರಿಸಿತೆಂದರೆ ತೋಡಿನ ಆಳವು ಅಂಗುಲದ 32ರಲ್ಲಿ 2 ಭಾಗಕ್ಕೆ, ಎಂದರೆ ಸುಮಾರು 1.6 ಮಿಲಿಮೀಟರಿಗೆ, ಕುಗ್ಗಿದೆಯೆಂದೂ ಟೈರು ಬದಲಾಯಿಸುವ ಕಾಲ ಸಮೀಪಿಸಿದೆಯೆಂದೂ ತಿಳಿಯತಕ್ಕದ್ದು. ಲಿಂಕನ್ನನ ಜನ್ಮಶತಾಬ್ದಿಯ ವರ್ಷವಾದ 1909ರಲ್ಲಿ ಆ ಮುಖಮುದ್ರೆಯನ್ನು ರೂಪಿಸಿದ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್, ಅದು ಹೀಗೊಂದು ಲೋಕೋಪಕಾರಕ್ಕೆ ಒದಗುವುದೆಂದು ಊಹಿಸಿರಲಾರನು.

ಮಳೆಗಾಲದ ರಸ್ತೆಯಲ್ಲಿ ಚಕ್ರದಡಿಯ ನೀರನ್ನು ಬದಿಗೆ ಹೊರದೂಡಿ, ರಬ್ಬರು ನೆಲವನ್ನು ಹಿಡಿಯುವಂತೆ ಮಾಡುವುದೇ ಈ ತೋಡುಗಳ ಕಾರ್ಯ. ಅವು ಸವೆದೊಡನೆ ವೇಗದ ವಾಹನವು ನೀರಿನ ಪದರದ ಮೇಲೆ ತೇಲತೊಡಗಿ, ಬ್ರೇಕಾಗಲಿ ಸ್ಟೀರಿಂಗಾಗಲಿ ಚಾಲಕನ ಅಧೀನದಲ್ಲಿ ಉಳಿಯುವುದಿಲ್ಲ. ಒಳಗಿರುವವರ ಪ್ರಾಣವು ಇಷ್ಟು ಕಿರಿದಾದ ಆಳವನ್ನು ಅವಲಂಬಿಸಿದೆಯೆಂಬುದನ್ನು ನಾವು ಎಷ್ಟು ಸುಲಭವಾಗಿ ಮರೆಯುತ್ತೇವೆ!

ನಾಣ್ಯವಿಲ್ಲದವರು ತೋಡಿನ ತಳದಲ್ಲಿ ಅಡ್ಡಲಾಗಿರುವ ಸಣ್ಣ ರಬ್ಬರು ದಿಣ್ಣೆಗಳನ್ನು ಗಮನಿಸಬಹುದು. ಅವು ಮೇಲ್ಮೈಗೆ ಸಮನಾದರೆ ಅದೇ ಸೂಚನೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಅಧಿಕ, ಇಕ್ಕೆಲಗಳಲ್ಲಿ ಸವೆದಿದ್ದರೆ ಗಾಳಿ ನ್ಯೂನ, ಒಂದೇ ಅಂಚು ಸವೆದಿದ್ದರೆ ಸಾಮಾನ್ಯವಾಗಿ ವೀಲ್ ಅಲೈನ್‌ಮೆಂಟಿನ ದೋಷ.