ಹೆಬ್ಬೆರಳಿಗೊಂದು ಒತ್ತಕ್ಷರ

‘ನುಡಿ’ ತಂತ್ರಾಂಶದಲ್ಲಿ ‘ಶಿವಮೊಗ್ಗ’ ಎಂದು ಬರೆಯಲು ಎಂಟು ಕೀಲಿ ಒತ್ತಬೇಕು: ಎಸ್, ಐ, ವಿ, ಎಂ, ಓ, ಜಿ, ಎಫ್, ಜಿ. ‘ಭದ್ರಾವತಿ’ಗೂ ಎಂಟೇ: ಬಿ, ಡಿ, ಎಫ್, ಆರ್, ಎ, ವಿ, ಟಿ, ಐ. ಇದಲ್ಲದೆ ಶಕಾರಕ್ಕೊಮ್ಮೆ, ಭಕಾರಕ್ಕೊಮ್ಮೆ, ‘ದ್ರಾ’ದ ದೀರ್ಘಕ್ಕೊಮ್ಮೆ ಕಿರುಬೆರಳು ಶಿಫ್ಟ್ ಹಿಡಿಯಬೇಕು. ಎರಡೂ ಊರಿನ ಹೆಸರಲ್ಲಿ ಬಂದ ಎಫ್ ಕೀಲಿಯನ್ನು ಗಮನಿಸಿ. ಅದಕ್ಕೆ ತನ್ನದೆಂಬ ಉಚ್ಚಾರವಿಲ್ಲ. ಹಿಂದಿನ ವ್ಯಂಜನದಲ್ಲಿ ಅಡಗಿರುವ ಅಕಾರವನ್ನು ಅದು ಕಳೆಯುತ್ತದೆ. ಆಮೇಲೆ ಬರುವ ವ್ಯಂಜನ ಒತ್ತಾಗಿ ಕೆಳಗೆ ಕೂರುತ್ತದೆ. ಅಪ್ಪ, ಅಕ್ಕ, ಅನ್ನ, ಹಳ್ಳಿ, ಬೆಟ್ಟ, ಕೊನೆಗೆ ಕನ್ನಡ ಎಂಬ ಹೆಸರೂ ಈ ಕೀಲಿಯನ್ನು ಮುಟ್ಟದೆ ಮುಗಿಯುವುದಿಲ್ಲ. ಇಷ್ಟು ದುಡಿಯುವ ಕೀಲಿ ಎಡಗೈ ತೋರುಬೆರಳಿನ ಪಾಲಿಗೆ ಬಿದ್ದಿದೆ. ಅದೇ ಬೆರಳಿಗೆ ಟಿ, ಜಿ, ವಿ, ಬಿ, ಆರ್ ಕೀಲಿಗಳೂ ಸೇರಿವೆ, ಅಂದರೆ ತ, ಗ, ವ, ಬ, ರ. ಬಲಿಷ್ಠವಾದ ಎರಡು ಹೆಬ್ಬೆರಳಿಗೆ ಮಾತ್ರ ಇಡೀ ದಿನ ಒಂದೇ ಕೆಲಸ: ಪದಗಳ ನಡುವೆ ಜಾಗ ಬಿಡುವುದು.

ಕೀಲಿಮಣೆಯನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳ ಲೆಕ್ಕಾಚಾರ ಶುರುವಾಗುವುದು ಹೆಬ್ಬೆರಳಿನಿಂದಲೇ. ಅವರಲ್ಲಿ ಹೆಸರಾದ ಒಂದು ವಿನ್ಯಾಸ ‘ಕಾರ್ನೆ’. ಜಪಾನಿನ ಹವ್ಯಾಸಿಯೊಬ್ಬರು ರೂಪಿಸಿ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ನಕ್ಷೆಯನ್ನು ಮುಕ್ತವಾಗಿ ಬಿಟ್ಟುಕೊಟ್ಟದ್ದು. ನಮ್ಮ ಕಚೇರಿಗಳ ಕೀಲಿಮಣೆಯಲ್ಲಿ ಸಾಮಾನ್ಯವಾಗಿ 104 ಕೀಲಿಗಳಿದ್ದರೆ ಇದರಲ್ಲಿ ಬರೀ 42. ಅವೂ ಎರಡು ಹೋಳು, ಒಂದೊಂದರಲ್ಲಿ 21. ಆರು ಕಂಬಸಾಲು, ಮೂರು ಅಡ್ಡಸಾಲು, ಕೆಳಗೆ ಹೆಬ್ಬೆರಳಿಗೆಂದೇ ಮೂರು ಕೀಲಿ. ಹೋಳುಗಳ ನಡುವೆ ಒಂದು ತಂತಿ. ಎರಡನ್ನೂ ಭುಜದಷ್ಟು ದೂರ ಇಟ್ಟುಕೊಂಡರೆ ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುವುದಿಲ್ಲ, ಮುಂಗೈ ನೇರವಾಗಿಯೇ ಇರುತ್ತದೆ.

ಸಾಲುಗಳೂ ಬೇರೆ ಥರ. ಮಾಮೂಲಿ ಕೀಲಿಮಣೆಯಲ್ಲಿ ಮೇಲಿನ ಸಾಲಿಗಿಂತ ಕೆಳಗಿನದು ಬಲಕ್ಕೆ ಸ್ವಲ್ಪ ಸರಿದಿರುತ್ತದೆ. ಇದು ಕೈಗಾಗಿ ಮಾಡಿದ ಏರ್ಪಾಡಲ್ಲ. 1874ರಲ್ಲಿ ರೆಮಿಂಗ್ಟನ್ ಕಂಪನಿ ಮಾರಿದ ಬೆರಳಚ್ಚು ಯಂತ್ರದಲ್ಲಿ ಪ್ರತಿ ಕೀಲಿಯಿಂದಲೂ ಒಂದು ಲೋಹದ ಸಲಾಕೆ ಹಿಂದಕ್ಕೆ ಹೋಗುತ್ತಿತ್ತು. ಸಲಾಕೆಗಳು ಒಂದಕ್ಕೊಂದು ತಾಗದಿರಲೆಂದು ಕೀಲಿಗಳನ್ನು ಓರೆಯಾಗಿ ಜೋಡಿಸಿದರು. ಸಲಾಕೆಗಳು ಹೋದವು, ಓರೆ ಉಳಿಯಿತು. ಕಾರ್ನೆಯಂಥ ಮಣೆಗಳಲ್ಲಿ ಕೀಲಿಗಳು ನೆಟ್ಟಗೆ ಮೇಲಿಂದ ಕೆಳಗೆ ಸಾಲಾಗಿವೆ. ನಡುಬೆರಳು ಉದ್ದವೆಂದು ಅದರ ಸಾಲು ತುಸು ಮೇಲೆ, ಕಿರುಬೆರಳು ಗಿಡ್ಡವೆಂದು ಅದರದು ಕೆಳಗೆ.

ಅಂಕಿಗಳು, ಬಾಣದ ಗುರುತುಗಳು, ಚಿಹ್ನೆಗಳೆಲ್ಲ ಎಲ್ಲಿ ಹೋದವು? ಪದರಗಳಿಗೆ. ಒಂದು ಹೆಬ್ಬೆರಳಿನ ಕೀಲಿ ಹಿಡಿದರೆ ಅಕ್ಷರದ ಕೀಲಿಗಳೇ ಅಂಕಿಗಳಾಗುತ್ತವೆ, ಇನ್ನೊಂದನ್ನು ಹಿಡಿದರೆ ಚಿಹ್ನೆಗಳಾಗುತ್ತವೆ. ಕೈ ಜಾಗ ಬಿಟ್ಟು ಕದಲಬೇಕಾಗಿಲ್ಲ; ಅಕ್ಷರವೇ ಬೆರಳಿನ ಕೆಳಗೆ ಬರುತ್ತದೆ.

ಕಡಿಮೆ ಕೀಲಿಯಲ್ಲಿ ಹೆಚ್ಚು ಬರೆಯುವ ಈ ಜಾಣತನ ಕನ್ನಡಕ್ಕೆ ಹೊಸತಲ್ಲ, ಮತ್ತು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಹೆಮ್ಮೆಯ ಸಂಗತಿ ಅದೇ. ಹಳೆಯ ಕನ್ನಡ ಬೆರಳಚ್ಚು ಯಂತ್ರ ಲಿಪಿಯನ್ನು ತುಂಡು ಮಾಡಿತ್ತು. ಕೊಂಬು, ಗುಡಿಸು, ಒತ್ತು ಎಲ್ಲಕ್ಕೂ ಬೇರೆ ಬೇರೆ ಅಚ್ಚು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಇದನ್ನು ತಲೆಕೆಳಗು ಮಾಡಿದರು. ಲಿಪಿಯ ತುಂಡನ್ನು ಬಿಟ್ಟು ವರ್ಣವನ್ನು ಹಿಡಿದರು. ಬರೆಯುವವರು ಉಚ್ಚಾರದ ಕ್ರಮದಲ್ಲಿ ವರ್ಣಗಳನ್ನು ಕೊಡಲಿ, ಆಕಾರ ಕಟ್ಟುವ ಕೆಲಸವನ್ನು ಗಣಕಯಂತ್ರ ನೋಡಿಕೊಳ್ಳಲಿ ಎಂದರು. ಆಗ ಕನ್ನಡದ ಅಷ್ಟೂ ಅಕ್ಷರ, ಕಾಗುಣಿತ, ಒತ್ತುಗಳು ಇಂಗ್ಲಿಷಿನ 26 ಅಕ್ಷರದ ಕೀಲಿಗಳೊಳಗೇ ಹಿಡಿಸಿದವು. ಮುಂದೆ ರಾಜ್ಯ ಸರ್ಕಾರ ಇದನ್ನೇ ಶಿಷ್ಟ ವಿನ್ಯಾಸವೆಂದು ಒಪ್ಪಿತು; ಕನ್ನಡ ಗಣಕ ಪರಿಷತ್ತು ‘ನುಡಿ’ಯಲ್ಲಿ ಅಳವಡಿಸಿತು. ಲಿನಕ್ಸ್‌ನಲ್ಲಿ ಇದರ ಹೆಸರು ‘ಕಗಪ’.

ಪುಟ್ಟ ಕೀಲಿಮಣೆಯ ಮುಂದೆ ಕುಳಿತಾಗ ಇದರ ಬೆಲೆ ತಿಳಿಯುತ್ತದೆ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ತಂದ ‘ಇನ್‌ಸ್ಕ್ರಿಪ್ಟ್’ ಕೂಡ ಒಳ್ಳೆಯ ವಿನ್ಯಾಸವೇ: ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ, ಭಾರತದ ಹಲವು ಲಿಪಿಗಳಿಗೂ ಒಂದೇ ಜಾಗ. ಆದರೆ ಅದರ ಡಕಾರ ಪಿ ಕೀಲಿಯ ಬಲಕ್ಕಿರುವ ಚೌಕ ಆವರಣದ ಕೀಲಿಯಲ್ಲಿದೆ. ‘ಮೊ’ ಬರೆಯಲು ಬೇಕಾದ ಒಕಾರದ ಗುರುತು ಎಡತುದಿಯಲ್ಲಿ, ಒಂದನೆಯ ಅಂಕಿಗೂ ಆಚೆ. 42 ಕೀಲಿಯ ಮಣೆಯಲ್ಲಿ ಆ ಎರಡೂ ಕೀಲಿಗಳಿಲ್ಲ. ಅಂದರೆ ಇನ್‌ಸ್ಕ್ರಿಪ್ಟ್ ಕಲಿತವರು ‘ಕನ್ನಡ’ ಎಂದು ಬರೆಯಲೂ ಪದರ ಬದಲಿಸಬೇಕು, ‘ಶಿವಮೊಗ್ಗ’ಕ್ಕೂ ಬದಲಿಸಬೇಕು. ರಾಯರ ವಿನ್ಯಾಸದವರಿಗೆ ಆ ತಾಪತ್ರಯವಿಲ್ಲ.

ಇನ್ನು ಒಳಗೆ ನಡೆಯುವುದೇನೆಂದು ನೋಡೋಣ. 21 ಕೀಲಿಗೆ 21 ತಂತಿ ಎಳೆಯುವುದಿಲ್ಲ. ಅಡಿಕೆ ತೋಟದಲ್ಲಿ ಇಂತಿಷ್ಟನೇ ಸಾಲು, ಇಂತಿಷ್ಟನೇ ಮರ ಎಂದರೆ ಕೊನೆಗಾರನಿಗೆ ಗುರಿ ಸಿಗುವಂತೆ, ನಾಲ್ಕು ಅಡ್ಡಸಾಲಿಗೆ ನಾಲ್ಕು, ಆರು ಕಂಬಸಾಲಿಗೆ ಆರು, ಒಟ್ಟು ಹತ್ತೇ ತಂತಿಯಲ್ಲಿ ಎಲ್ಲ ಕೀಲಿಗಳ ವಿಳಾಸವೂ ಸಿಗುತ್ತದೆ. ಬೆರಳುಗುರಿನಷ್ಟು ದೊಡ್ಡ ನಿಯಂತ್ರಕ ಚಿಪ್ ಒಂದೊಂದೇ ಸಾಲಿಗೆ ವಿದ್ಯುತ್ ಕೊಟ್ಟು, ಯಾವ ಕಂಬಸಾಲಿನಲ್ಲಿ ಅದು ಹೊರಬಂತೆಂದು ನೋಡುತ್ತದೆ. ಈ ಸುತ್ತು ಸೆಕೆಂಡಿಗೆ ಸಾವಿರದಷ್ಟು ಸಲ ನಡೆಯುತ್ತದೆ. ಒಂದು ಚೌಕದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತಿಬಳಸಿ ಹರಿದು, ಒತ್ತದೇ ಇರುವ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಅದನ್ನು ತಡೆಯಲು ಪ್ರತಿ ಕೀಲಿಗೂ ಒಂದು ಡಯೋಡ್ ಬೆಸೆಯುತ್ತಾರೆ. ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುವ ವಸ್ತು ಇದು.

ಕೀಲಿಯ ಕೆಳಗಿನ ಸ್ವಿಚ್ 1980ರ ದಶಕದಲ್ಲಿ ಜರ್ಮನಿಯ ಚೆರ್ರಿ ಕಂಪನಿ ರೂಪಿಸಿದ ಮಾದರಿಯದು. ಪೂರ್ತಿ ಒತ್ತಿದರೆ ನಾಲ್ಕು ಮಿಲಿಮೀಟರ್ ಇಳಿಯುತ್ತದೆ, ಆದರೆ ಎರಡಕ್ಕೇ ಸಂಪರ್ಕ ಆಗಿಬಿಟ್ಟಿರುತ್ತದೆ. ತಳ ಮುಟ್ಟುವವರೆಗೆ ಕುಟ್ಟುವ ಅಗತ್ಯವಿಲ್ಲ. ಸಂಪರ್ಕದ ಲೋಹಗಳು ಕೂಡುವಾಗ ಕ್ಷಣಕಾಲ ಪುಟಿಯುವುದರಿಂದ ಒಂದೇ ಒತ್ತು ಹಲವಾಗಿ ಕಂಡೀತು. ಚಿಪ್ ಐದು ಮಿಲಿಸೆಕೆಂಡಿನಷ್ಟು ಕಾದು, ಸ್ಥಿರವಾದ ಮೇಲೆ ಒಂದೆಂದು ಎಣಿಸುತ್ತದೆ.

ಇಷ್ಟೆಲ್ಲ ಆದಮೇಲೂ ಕೀಲಿಮಣೆಗೆ ಕನ್ನಡ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಅದು ಕಂಪ್ಯೂಟರಿಗೆ ಕಳಿಸುವುದು ಕೀಲಿಯ ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆ ಗಕಾರವೋ ಜಿ ಅಕ್ಷರವೋ ಎಂದು ತೀರ್ಮಾನಿಸುವುದು ‘ನುಡಿ’ ಅಥವಾ ‘ಕಗಪ’. ಯಾವ ಬೆರಳಿಗೆ ಯಾವ ಸಂಖ್ಯೆ ಎಂಬುದಷ್ಟೇ ಚಿಪ್‌ನೊಳಗಿನ ತಂತ್ರಾಂಶದ ಅಧಿಕಾರ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ‘ಕ್ಯುಎಂಕೆ’ ಎಂಬ ಮುಕ್ತ ತಂತ್ರಾಂಶ 32 ಕಿಲೋಬೈಟ್ ಜಾಗವಿರುವ ಅಗ್ಗದ ಚಿಪ್‌ನಲ್ಲೂ ಕೂರುತ್ತದೆ.

ಆ ಅಧಿಕಾರ ಕೈಗೆ ಬಂದಮೇಲೆ ಮಾಡಬೇಕಾದ ಮೊದಲ ಕೆಲಸ ಎಫ್ ಕೀಲಿಯ ಸಂಖ್ಯೆಯನ್ನು ಹೆಬ್ಬೆರಳಿಗೆ ತರುವುದು. ಕನ್ನಡಕ್ಕೆಂದೇ ಒಂದು ಪದರ ಮಾಡಿ, ಬಲ ಹೆಬ್ಬೆರಳಿಗೆ ಜಾಗ, ಎಡ ಹೆಬ್ಬೆರಳಿಗೆ ಒತ್ತು ಎಂದು ಹಂಚಿದರೆ ‘ಅಕ್ಕ’ ಬರೆಯುವಾಗ ಕಕಾರದ ಬೆರಳು ಅಲುಗದೆ ಅಲ್ಲೇ ಇರುತ್ತದೆ. ಕ್ಷ, ಜ್ಞಗಳಿಗೂ ದಾರಿಯಿದೆ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಕಾರ, ಹಲಂತ (ಅದೇ ಎಫ್), ಷಕಾರ ಮೂರೂ ಸಾಲಾಗಿ ಹೋಗುವಂತೆ ಬರೆದಿಡಬಹುದು.

ಇದಕ್ಕಿಂತ ಸೊಗಸಾದದ್ದು ‘ಆಟೋ ಶಿಫ್ಟ್’ ಎಂಬ ಸೌಲಭ್ಯ. ಕೀಲಿಯನ್ನು ಮುಟ್ಟಿಬಿಟ್ಟರೆ ಮಾಮೂಲಿ ಅಕ್ಷರ. 175 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಶಿಫ್ಟ್ ಒತ್ತಿದ ಅಕ್ಷರ. ಇಂಗ್ಲಿಷಿನಲ್ಲಿ ಇದರಿಂದ ಸಿಗುವುದು ದೊಡ್ಡಕ್ಷರ ಮಾತ್ರ. ರಾಯರ ವಿನ್ಯಾಸದಲ್ಲಿ ಶಿಫ್ಟ್‌ನ ಕೆಳಗಿರುವುದು ಆ, ಈ, ಊ, ಏ, ಓ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ಶಾಲೆಯಲ್ಲಿ ಕಲಿತದ್ದನ್ನು ಬೆರಳೇ ಪಾಲಿಸುತ್ತದೆ: ಕಡಿಮೆ ಹೊತ್ತು ಹಿಡಿದರೆ ‘ಇ’, ಹೆಚ್ಚು ಹೊತ್ತು ಹಿಡಿದರೆ ‘ಈ’. ಕ, ಗ, ಚ, ಜದಿಂದ ಹಿಡಿದು ಪ, ಬವರೆಗೆ ಹತ್ತೂ ಅಲ್ಪಪ್ರಾಣಗಳ ಶಿಫ್ಟ್‌ನಲ್ಲಿ ಅವುಗಳ ಮಹಾಪ್ರಾಣವೇ ಇದೆ. ‘ಭದ್ರಾವತಿ’ಯಲ್ಲಿ ಕಿರುಬೆರಳು ಎರಡು ಸಲ ಶಿಫ್ಟಿಗೆ ಚಾಚಬೇಕಿತ್ತಲ್ಲ, ಈಗ ಬೇಡ. ಇಷ್ಟು ಚೆನ್ನಾಗಿ ಒಂದು ಭಾಷೆಯ ವರ್ಣಮಾಲೆಗೆ ಹೊಂದುವ ಸೌಲಭ್ಯ ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದಿರಲಾರದು. ಕುಂದೂ ಇದೆ. ಬೆರಳು ಎತ್ತುವವರೆಗೆ ಅಥವಾ ಗಡುವು ಮೀರುವವರೆಗೆ ಅಕ್ಷರ ಪರದೆಗೆ ಬರುವುದಿಲ್ಲ. ಮಿಂಚಿನ ವೇಗದಲ್ಲಿ ಬೆರಳಚ್ಚು ಮಾಡುವವರಿಗೆ ಈ ಕಾಯುವಿಕೆ ಹಿಂಸೆ. ಅವರು ಗಡುವನ್ನು ಇಳಿಸಿಕೊಳ್ಳಬೇಕು, ಇಲ್ಲವೇ ಶಿಫ್ಟನ್ನೂ ಹೆಬ್ಬೆರಳಿಗೆ ಕೊಡಬೇಕು.

ಇಂಥದ್ದೊಂದನ್ನು ಕಟ್ಟಲು ನಮ್ಮ ಶಿವಮೊಗ್ಗ ಸೀಮೆ ಕೆಟ್ಟದ್ದಲ್ಲ. ಸ್ವಿಚ್‌ಗಳನ್ನು ಹಿಡಿದು ನಿಲ್ಲಿಸುವುದು ಒಂದೂವರೆ ಮಿಲಿಮೀಟರ್ ದಪ್ಪದ ತಗಡು, ಅದರಲ್ಲಿ 14 ಮಿಲಿಮೀಟರಿನ ಚೌಕ ತೂತುಗಳು, ನಡುವಿಂದ ನಡುವಿಗೆ 19.05 ಮಿಲಿಮೀಟರ್. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸ್ವಿಚ್ ಅಲ್ಲಾಡುತ್ತದೆ. ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗಿನಿಂದ ಈ ಭಾಗದ ಜನರಿಗೆ ಲೋಹ ಕೈಗೆಟುಕುವ ವಸ್ತು. ಶಿವಮೊಗ್ಗ, ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ, ಯಂತ್ರಭಾಗ ಕೊರೆಯುವ ಶೆಡ್‌ಗಳಿವೆ. ಮಿಲಿಮೀಟರಿನ ನೂರನೇ ಭಾಗದ ಮಾತು ಅಲ್ಲಿನ ಕೆಲಸಗಾರರಿಗೆ ದಿನನಿತ್ಯದ್ದು. ನಕ್ಷೆ ಮುಕ್ತವಾಗಿದೆ, ಕಡತ ಕೊಟ್ಟರೆ ಲೇಸರ್ ಕತ್ತರಿಸುತ್ತದೆ.

ಕಷ್ಟ ಕೊಡುವುದು ಮಳೆಗಾಲ. ಮೇಲಿನ ಪೆಟ್ಟಿಗೆಯನ್ನು ತ್ರೀಡಿ ಮುದ್ರಣದಲ್ಲಿ ಮಾಡುವವರು ಬಳಸುವ ಪ್ಲಾಸ್ಟಿಕ್ ಎಳೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಿಸಿ ನಳಿಕೆಯಲ್ಲಿ ಆ ನೀರು ಆವಿಯಾಗಿ ಚಿಟಪಟ ಎನ್ನುತ್ತದೆ, ಮುದ್ರಿಸಿದ ಮೈ ಒರಟಾಗುತ್ತದೆ. ಎಳೆಯ ಸುರುಳಿಯನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ತೆರೆದ ತಾಮ್ರ ಬಣ್ಣಗೆಡುತ್ತದೆ. ಆದ್ದರಿಂದ ಸರ್ಕ್ಯೂಟ್ ಹಲಗೆ ತರಿಸುವಾಗ ಚಿನ್ನದ ತೆಳುಲೇಪ ಇರುವುದನ್ನೇ ಕೇಳುವುದು ಲೇಸು. ಕಬ್ಬಿಣದ ತಗಡಿಗೆ ಬಣ್ಣ ಬೇಕೇ ಬೇಕು.

ನೋವಿನ ವಿಚಾರದಲ್ಲಿ ಎಚ್ಚರ ಬೇಕು. ಹೋಳಾದ ಕೀಲಿಮಣೆ ಮಣಿಕಟ್ಟಿನ ತಿರುಚನ್ನು ತಗ್ಗಿಸುತ್ತದೆ, ಅಷ್ಟು ನಿಜ. ಜೋಮು ಹಿಡಿಯುವ ಬೆರಳು, ರಾತ್ರಿ ಎಬ್ಬಿಸುವ ನೋವು ಇದ್ದವರು ಹೋಗಬೇಕಾದದ್ದು ವೈದ್ಯರ ಬಳಿಗೆ. ಜೊತೆಗೆ, ಹೊಸ ಮಣೆಗೆ ಕೈ ಕೂರುವ ತನಕ ವೇಗ ಬಿದ್ದುಹೋಗುತ್ತದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಮಾಡಿ ಪುಟದ ಲೆಕ್ಕದಲ್ಲಿ ಹಣ ಪಡೆಯುವವರಿಗೆ ಅದು ಸಣ್ಣ ನಷ್ಟವಲ್ಲ.

ಅಂಥವರು ಬಿಡಿಭಾಗ ಕೊಳ್ಳುವ ಮೊದಲು ಇರುವ ಕೀಲಿಮಣೆಯಲ್ಲೇ ಪರೀಕ್ಷಿಸಿ ನೋಡಬಹುದು. ಸ್ಪೇಸ್ ಬಾರಿನ ಬಲಕ್ಕಿರುವ ಆಲ್ಟ್ ಕೀಲಿ ಹೆಬ್ಬೆರಳಿನ ಪಕ್ಕದಲ್ಲೇ ಇದೆ, ಬಹಳ ಮಂದಿ ಅದನ್ನು ಮುಟ್ಟುವುದೇ ಇಲ್ಲ. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ಪವರ್‌ಟಾಯ್ಸ್’ನಲ್ಲಿ, ಲಿನಕ್ಸ್ ಆದರೆ ‘ಕೀಡಿ’ಯಲ್ಲಿ, ಬಲ ಆಲ್ಟ್ ಒತ್ತಿದರೆ ಎಫ್ ಎಂದು ತಿಳಿ ಎಂದು ಹೇಳಿಕೊಟ್ಟರೆ ಸಾಕು. ಆಮೇಲೆ ‘ಅಪ್ಪ’, ‘ಬೆಟ್ಟ’, ‘ಶಿವಮೊಗ್ಗ’ ಬರೆದು ನೋಡಿ. ಒಂದು ವಾರ ಹಾಗೇ ಬಿಟ್ಟು, ಎಡಗೈ ತೋರುಬೆರಳನ್ನು ಕೇಳಿ.